ಮೊದಲು ತುಂಡು, ಆಮೇಲೆ ಸ್ಕರ್ಟ್: ನನ್ನ ಕ್ರೋಶಾ ಅನುಭವ

ಮಡಿಕೇರಿಯಲ್ಲೇ ಇರುವವರಿಗೆ ಬೇಸಿಗೆಯ ಉಡುಪಿನ ಚಿಂತೆ ಅಷ್ಟಾಗಿ ಇರುವುದಿಲ್ಲ. ನಾನಾದರೋ ಕೆಲಸಕ್ಕೆಂದು ದಿನವೂ ಬಸ್ಸಿನಲ್ಲಿ ಕುಶಾಲನಗರಕ್ಕೆ ಇಳಿಯುವವಳು. ಮಾರ್ಚ್ ಕಳೆಯಿತೆಂದರೆ ಸುಂಟಿಕೊಪ್ಪ ದಾಟುವಷ್ಟರಲ್ಲಿ ಬೆನ್ನಿಗೆ ಬಟ್ಟೆ ಅಂಟಿಕೊಳ್ಳುತ್ತದೆ. ಗಾಳಿಯಾಡುವ ಹತ್ತಿಯ ಸ್ಕರ್ಟೊಂದನ್ನು ಕ್ರೋಶಾದಲ್ಲಿ, ಎಂದರೆ ಒಂದೇ ಕೊಕ್ಕೆಕಡ್ಡಿಯಿಂದ, ನನ್ನದೇ ಅಳತೆಗೆ ಹೆಣೆದುಕೊಳ್ಳಬೇಕೆಂಬ ಆಸೆ ಹುಟ್ಟಿದ್ದು ಈ ಪ್ರಯಾಣದಲ್ಲಿಯೇ.

ಮೊದಲ ಸ್ಕರ್ಟ್ ಕೆಟ್ಟಿತು. ಕೊಡಗಿನ ಕಕ್ಕಡ ತಿಂಗಳ ಮಳೆಯ ಸಂಜೆಗಳಲ್ಲಿ, ಯಾವುದೋ ಮಾದರಿಯನ್ನು ನಂಬಿ, ಸೊಂಟದ ಸುತ್ತಳತೆಯನ್ನಷ್ಟೇ ನೋಡಿಕೊಂಡು ಹೆಣೆದೆ. ಬೆಳಿಗ್ಗೆ ಮೊಣಕಾಲಿನವರೆಗೆ ಇದ್ದದ್ದು ಸಂಜೆ ಮೀನಖಂಡಕ್ಕೆ ಇಳಿದಿತ್ತು. ಒಗೆದರೆ ಐದು ದಿನವಾದರೂ ಒಣಗಲಿಲ್ಲ. ಒಲೆಯ ಮೇಲಿನ ತಂತಿಗೆ ನೇತುಹಾಕಿದ್ದರಿಂದ ಹೊಗೆಯ ವಾಸನೆ ಹಿಡಿಯಿತು, ನೀರಿನ ಭಾರಕ್ಕೆ ಇನ್ನಷ್ಟು ಜೋತುಬಿತ್ತು. ಅತ್ತೆ ಅದನ್ನು ಎತ್ತಿ ಹಿಡಿದು, "ಇದರಲ್ಲಿ ಕಾವೇರಿ ಹೊಳೆಯ ಮೀನು ಹಿಡೀಬಹುದಲ್ಲ ಮಗಳೇ" ಎಂದರು. ಅವರ ಮಾತಿನಲ್ಲಿ ಹುರುಳಿತ್ತು. ಹತ್ತಿ ನೂಲಿಗೆ ಉಣ್ಣೆಯಂತೆ ಮತ್ತೆ ಕುಗ್ಗಿ ಕೂರುವ ಗುಣವಿಲ್ಲ. ತನ್ನ ತೂಕಕ್ಕೆ ತಾನೇ ಉದ್ದವಾಗುತ್ತ ಹೋಗುತ್ತದೆ. ಆ ಉದ್ದವನ್ನು ಮೊದಲೇ ಲೆಕ್ಕ ಹಾಕದೆ ಅಳತೆಯ ಸ್ಕರ್ಟ್ ಹೆಣೆಯಲಾಗುವುದಿಲ್ಲ ಎಂಬುದು ನನಗೆ ಆಗ ತಿಳಿಯಿತು.

ಎರಡನೆಯದನ್ನು ಕಾಫಿ ಕೊಯ್ಲು ಮುಗಿಯುತ್ತ ಬಂದ ಜನವರಿಯಲ್ಲಿ ಆರಂಭಿಸಿದೆ. ಮದ್ದುಸೊಪ್ಪಿನ ಪಾಯಸದಂಥ ನೇರಳೆ ಬಣ್ಣದ, ಮರ್ಸರೈಸ್ ಮಾಡಿದ ಹತ್ತಿ ನೂಲನ್ನು ಆರಿಸಿಕೊಂಡೆ. 1844ರ ಸುಮಾರಿಗೆ ಇಂಗ್ಲೆಂಡಿನ ಜಾನ್ ಮರ್ಸರ್ ಕಂಡುಕೊಂಡ ಕ್ಷಾರದ ಸಂಸ್ಕರಣೆ ಇದು. ಇದರಿಂದ ನೂಲು ಗಟ್ಟಿಯಾಗುತ್ತದೆ, ಬಣ್ಣವನ್ನೂ ಚೆನ್ನಾಗಿ ಹೀರಿಕೊಳ್ಳುತ್ತದೆ. ಕಡ್ಡಿ 4 ಮಿಲಿಮೀಟರಿನದು. ಹೆಣಿಗೆಯೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯದು, ನಾವು ಕಂಬ ಎನ್ನುವುದು: ಕಡ್ಡಿಗೆ ಒಮ್ಮೆ ನೂಲು ಸುತ್ತಿ, ಹಿಂದಿನ ಸಾಲಿನ ಕಣ್ಣಿನೊಳಗೆ (ಹೆಣೆದ ಕುಣಿಕೆಯೊಳಗೆ) ಹಾಕಿ ನೂಲನ್ನು ಎಳೆದುಕೊಂಡು, ಕಡ್ಡಿಯ ಮೇಲಿನ ಮೂರು ಕುಣಿಕೆಗಳನ್ನು ಎರಡೆರಡರಂತೆ ಎರಡು ಸಲ ಬಿಡಿಸುವುದು. ಅಮೆರಿಕದ ಮಾದರಿಗಳಲ್ಲಿ ಇದಕ್ಕೆ ಡಬಲ್ ಎಂದೂ ಬ್ರಿಟನ್ನಿನ ಮಾದರಿಗಳಲ್ಲಿ ಟ್ರೆಬಲ್ ಎಂದೂ ಹೆಸರು. ಅಮೆರಿಕದವರ ಸಿಂಗಲ್ಲೇ (ಮೊದಲು ನೂಲು ಸುತ್ತಿಕೊಳ್ಳದೆ ಹೆಣೆಯುವ ಗಿಡ್ಡ ಹೆಣಿಗೆ) ಬ್ರಿಟನ್ನಿನವರಿಗೆ ಡಬಲ್ ಆಗಿರುವುದರಿಂದ, ಮಾದರಿ ಯಾವ ಕಡೆಯದೆಂದು ನೋಡದೆ ಹೊರಟವರ ಗತಿ ಹೇಳುವಂತಿಲ್ಲ.

ಸ್ಕರ್ಟಿಗೆ ಕೈ ಹಾಕುವ ಮೊದಲು ಒಂದು ಪರೀಕ್ಷೆಯ ತುಂಡನ್ನು ಹೆಣೆದೆ. 4 ಇಂಚು ಅಗಲಕ್ಕೆ 16 ಕಂಬ, 4 ಇಂಚು ಎತ್ತರಕ್ಕೆ 9 ಸಾಲು ಬಂತು. ಆ ತುಂಡನ್ನು ಒಗೆದು ಒಣಗಿಸಿ, ಏಲಕ್ಕಿ ತೂಗುವ ಸಣ್ಣ ತಕ್ಕಡಿಯಲ್ಲಿಟ್ಟರೆ 5 ಗ್ರಾಂ ಇತ್ತು. ಬಳಿಕ ಅದರ ಮೇಲಂಚನ್ನು ತಂತಿಗೆ ಸಿಕ್ಕಿಸಿ, ಕೆಳಗೆ ಬಟ್ಟೆಯ ಕ್ಲಿಪ್ಪು ನಾಲ್ಕನ್ನು ಭಾರಕ್ಕೆಂದು ಕಚ್ಚಿಸಿ, ಒಂದು ರಾತ್ರಿ ಹಾಗೆಯೇ ಬಿಟ್ಟೆ. ಬೆಳಿಗ್ಗೆ ಟೇಪು ಹಿಡಿದಾಗ 4 ಇಂಚಿನ ಎತ್ತರ ಸುಮಾರು ನಾಲ್ಕೂ ಕಾಲು ಇಂಚನ್ನು ದಾಟಿ, 4⅓ ಇಂಚಿನ ಹತ್ತಿರ ಬಂದಿತ್ತು. ಅಂದರೆ ಪ್ರತಿ 12 ಇಂಚಿಗೆ ಒಂದು ಇಂಚು ಹೆಚ್ಚು. ಮೊದಲ ಸ್ಕರ್ಟನ್ನು ಕೆಡಿಸಿದ್ದು ಇದೇ.

ನನ್ನ ಅಳತೆಗಳು ಹೀಗಿದ್ದವು: ಸೊಂಟ 30 ಇಂಚು, ಪೃಷ್ಠದ ಸುತ್ತು 39, ಬೇಕಾದ ಒಟ್ಟು ಉದ್ದ 25. ನಾನು ನೆಟ್ಟಗೆ ನಿಂತು ಅಳೆಯುತ್ತಿದ್ದುದನ್ನು ನೋಡಿ ಅತ್ತೆ ಹೇಳಿದರು, "ಬಸ್ಸಿನಲ್ಲಿ ನಿಂತೇ ಹೋಗ್ತೀಯಾ? ಕೂತು ಅಳತೆ ತಗೋ." ಮೆಟ್ಟಿಲ ಮೇಲೆ ಕುಳಿತು ಅಳೆದರೆ ಟೇಪು 41 ತೋರಿಸಿತು. ಹೆಣಿಗೆ ಅಗಲಕ್ಕೆ ಸ್ವಲ್ಪ ಹಿಗ್ಗುವುದರಿಂದ ಎರಡಕ್ಕೂ ನಡುವೆ 40 ಎಂದು ಇಟ್ಟುಕೊಂಡೆ. ಸೊಂಟದ ಪಟ್ಟಿಯನ್ನು 30ಕ್ಕೇ ಕಟ್ಟಿಬಿಟ್ಟರೆ ಸ್ಕರ್ಟನ್ನು ಪೃಷ್ಠದ ಮೇಲಿಂದ ಏರಿಸುವುದು ಕಷ್ಟ. ಆದ್ದರಿಂದ ಪಟ್ಟಿಗೆ 34 ಇಂಚು ಇಟ್ಟು, ಮಿಕ್ಕಿದ್ದನ್ನು ಲಾಡಿಗೆ ಬಿಟ್ಟೆ.

ಇಷ್ಟು ಅಂಕೆಗಳು ಕೈಯಲ್ಲಿದ್ದ ಮೇಲೆ ನೂಲಿನ ಲೆಕ್ಕ ಸುಲಭವಾಯಿತು. ಸ್ಕರ್ಟಿನ ಹರವು ಸುಮಾರು 930 ಚದರ ಇಂಚು, ಪರೀಕ್ಷೆಯ ತುಂಡು 16 ಚದರ ಇಂಚು. 58 ತುಂಡುಗಳಿಗೆ 290 ಗ್ರಾಂ. ಕಾಲು ಭಾಗದಷ್ಟು ಹೆಚ್ಚಿಗೆ ಇಟ್ಟುಕೊಂಡು 50 ಗ್ರಾಮಿನ 8 ಉಂಡೆ ತರಿಸಿದೆ. ಎಲ್ಲವನ್ನೂ ಒಟ್ಟಿಗೇ ತರಿಸಿ, ಒಂದೇ ಸಲ ಬಣ್ಣ ಹಾಕಿದ ನೂಲೆಂದು ತಿಳಿಸುವ, ಚೀಟಿಯ ಮೇಲಿನ ಲಾಟ್ ಸಂಖ್ಯೆಯನ್ನು ಒಂದೊಂದಾಗಿ ನೋಡಿದೆ. ಮೊದಲ ಸಲ ಅಂಗಡಿಯವರು "ಅದೇ ಬಣ್ಣ" ಎಂದು ಆಮೇಲೆ ಕೊಟ್ಟ ಎರಡು ಉಂಡೆಗಳು ಬಿಸಿಲಿಗೆ ಹಿಡಿದಾಗ ಬೇರೆಯೇ ಪಟ್ಟೆಯಾಗಿ ಕಂಡಿದ್ದವು.

ಉದ್ದನೆಯ ಚೈನ್ (ಕುಣಿಕೆಯೊಳಗಿಂದ ಕುಣಿಕೆ ಎಳೆದ ಸರಪಳಿ) ಹಾಕಿ ಉಂಗುರ ಕಟ್ಟುವಾಗ ಹೊಸಬರ ಕೈಯಲ್ಲಿ ಅದು ತಿರುಚಿಕೊಳ್ಳುತ್ತದೆ. ಎರಡು ಸುತ್ತು ಹೆಣೆದ ಮೇಲಷ್ಟೇ ಗೊತ್ತಾಗುತ್ತದೆ, ಆಗ ಬಿಚ್ಚುವುದು ಬಿಟ್ಟು ಬೇರೆ ದಾರಿಯಿಲ್ಲ. ಹಾಗಾಗಿ ಸೊಂಟದ ಪಟ್ಟಿಯನ್ನು ಅಡ್ಡಲಾಗಿ ಹೆಣೆದೆ. 7 ಚೈನ್ ಹಾಕಿ, ಪ್ರತಿ ಸಾಲಿಗೆ 6 ಸಿಂಗಲ್, ಅದೂ ಕಣ್ಣಿನ ಹಿಂದಿನ ಎಳೆಗೆ ಮಾತ್ರ ಕಡ್ಡಿ ಹಾಕಿ ಹೆಣೆದರೆ ಒಂದೂವರೆ ಇಂಚು ಅಗಲದ, ಗೆರೆಗೆರೆಯಾಗಿ ಹಿಗ್ಗುವ ಪಟ್ಟಿ ಸಿಗುತ್ತದೆ. 34 ಇಂಚಿಗೆ 170 ಸಾಲು ಬೇಕಾಯಿತು. ಎರಡೂ ತುದಿಗಳನ್ನು ಜೋಡಿಸಿ, ಅಂಚಿನ ಉದ್ದಕ್ಕೂ 5 ಸಾಲಿಗೆ 4ರಂತೆ ಕಣ್ಣುಗಳನ್ನು ಎತ್ತಿಕೊಂಡಾಗ ಸರಿಯಾಗಿ 136 ಆಯಿತು. ಮೊದಲ ಸುತ್ತಿನಲ್ಲಿ ಒಂದು ಕಂಬ, ಒಂದು ಚೈನ್, ಒಂದು ಕಣ್ಣು ಬಿಟ್ಟು ಮತ್ತೆ ಕಂಬ ಎಂದು ಹೆಣೆದರೆ ಲಾಡಿ ತೂರಿಸುವ ಕಿಂಡಿಗಳು ತಾವಾಗಿಯೇ ಬರುತ್ತವೆ.

ಪಟ್ಟಿಯಿಂದ ಪೃಷ್ಠದವರೆಗೆ 8 ಇಂಚು, ಎಂದರೆ 18 ಸುತ್ತು. ಅಷ್ಟರಲ್ಲಿ 136ನ್ನು 160ಕ್ಕೆ ಏರಿಸಬೇಕು. 6, 12 ಮತ್ತು 18ನೇ ಸುತ್ತುಗಳಲ್ಲಿ ಎಂಟೆಂಟು ಕಡೆ ಒಂದೇ ಕಣ್ಣಿಗೆ ಎರಡು ಕಂಬ ಹಾಕಿದೆ: ಮೊದಲ ಸಲ ಪ್ರತಿ 17ನೇ ಕಣ್ಣಿಗೆ, ಆಮೇಲೆ 18ನೆಯದಕ್ಕೆ, ಕೊನೆಗೆ 19ನೆಯದಕ್ಕೆ. ಏರಿಕೆಗಳು ಒಂದರ ಕೆಳಗೊಂದು ನೇರವಾಗಿ ಬಂದರೆ ಸ್ಕರ್ಟ್ ಬಿಚ್ಚಿದ ಕೊಡೆಯಂತೆ ಎಂಟು ಮೂಲೆಯದಾಗುತ್ತದೆ. ಪ್ರತಿ ಸಲವೂ ಎಣಿಕೆಯನ್ನು ಏಳೆಂಟು ಕಣ್ಣು ಸರಿಸಿ ಆರಂಭಿಸಿದ್ದರಿಂದ ಆ ಮೂಲೆಗಳು ಕಾಣಲಿಲ್ಲ. ಸುತ್ತಿನ ಆರಂಭದ 3 ಚೈನುಗಳು ಒಂದು ಕಂಬಕ್ಕೆ ಸಮ ಎಂಬುದನ್ನು ಮರೆತರೆ ಸುತ್ತಿಗೊಂದು ಕಣ್ಣು ಹೆಚ್ಚುಕಡಿಮೆಯಾಗುತ್ತದೆ. ನಾನು ಮರೆತಿದ್ದೆ, ನಾಲ್ಕು ಸುತ್ತು ಬಿಚ್ಚಿದೆ. ಪ್ರತಿ ಸುತ್ತು ಮುಗಿದ ಮೇಲೆ ಕೆಲಸವನ್ನು ತಿರುಗಿಸಿ ಹೆಣೆಯುವುದೂ ಮುಖ್ಯ. ಒಂದೇ ಮುಖದಲ್ಲಿ ಸುತ್ತುತ್ತ ಹೋದರೆ ಜೋಡಣೆಯ ಗೆರೆ ಓರೆಯಾಗಿ ಹಿಂದಿನಿಂದ ಪಕ್ಕಕ್ಕೆ ಜಾರುತ್ತದೆ.

ಅಲ್ಲಿಂದ ಕೆಳಗೆ ಲೆಕ್ಕದ ಪ್ರಕಾರ ಹದಿನೈದೂವರೆ ಇಂಚು ಬೇಕಿತ್ತು. ಜೋತುಬೀಳುವ 2 ಇಂಚನ್ನು ಕಳೆದು ಹದಿಮೂರೂವರೆಗೆ, ಎಂದರೆ 30 ಸುತ್ತಿಗೆ ನಿಲ್ಲಿಸಿದೆ. ನಡೆಯಲು ಸಲೀಸಾಗಲೆಂದು 8, 16, 24ನೇ ಸುತ್ತುಗಳಲ್ಲಿ ಮತ್ತೆ ಎಂಟೆಂಟು ಏರಿಸಿದಾಗ 184 ಆಯಿತು. ಕೊನೆಯ ಸುತ್ತಿನ ಚಿಪ್ಪಿನ ಅಂಚಿಗೆ ಆರಾರು ಕಣ್ಣು ಬೇಕು: ಎರಡು ಬಿಟ್ಟು, ಒಂದೇ ಕಣ್ಣಿಗೆ 5 ಕಂಬ, ಮತ್ತೆ ಎರಡು ಬಿಟ್ಟು, ಒಂದು ಸಿಂಗಲ್. 184 ಆರರಿಂದ ಭಾಗವಾಗದ ಕಾರಣ 29ನೇ ಸುತ್ತಿನಲ್ಲಿ ಎರಡು ಕಣ್ಣು ಕೂಡಿಸಿ 186 ಮಾಡಿದೆ. 31 ಚಿಪ್ಪು ಬಂತು. ಈ ಅಂಚನ್ನು ಕಟ್ಟುವ ಮೊದಲು ಸ್ಕರ್ಟನ್ನು ಮೂರು ದಿನ ಸೊಂಟದ ಪಟ್ಟಿಯಿಂದ ನೇತುಹಾಕಿ, ತೊಟ್ಟು ನೋಡಿದೆ. ಉದ್ದ ಹೆಚ್ಚಾಗಿದ್ದರೆ ಎರಡು ಸುತ್ತು ಬಿಚ್ಚಲು ಆಗ ಇನ್ನೂ ಅವಕಾಶವಿರುತ್ತದೆ.

ಕಂಬದ ಹೆಣಿಗೆ ಬಿಸಿಲಿಗೆ ಎದುರಾಗಿ ನಿಂತರೆ ಪಾರದರ್ಶಕ. ತೆಳು ಹತ್ತಿ ಬಟ್ಟೆಯ ಲೈನಿಂಗನ್ನು ಸೊಂಟದ ಪಟ್ಟಿಗೆ ಮಾತ್ರ ಹೊಲಿದು, ಕೆಳಗೆ ಸಡಿಲ ಬಿಟ್ಟಿದ್ದೇನೆ. ಹೆಣಿಗೆ ಹಿಗ್ಗುತ್ತದೆ, ಬಟ್ಟೆ ಹಿಗ್ಗುವುದಿಲ್ಲ, ಎರಡನ್ನೂ ಅಂಚಿನಲ್ಲಿ ಸೇರಿಸಿದರೆ ಸುಕ್ಕುಗಟ್ಟುತ್ತದೆ. ಮೊದಲ ಒಗೆತದಲ್ಲಿ ನೇರಳೆ ಬಣ್ಣ ಸ್ವಲ್ಪ ಬಿಟ್ಟಿತಾದ್ದರಿಂದ ಈಗಲೂ ಬೇರೆಯಾಗಿಯೇ ಒಗೆಯುತ್ತೇನೆ. ಹಿಂಡದೆ, ಟವೆಲಿನಲ್ಲಿ ಸುತ್ತಿ ನೀರು ತೆಗೆದು, ಕಾಫಿ ಕಣದ ನೆರಳಿನ ಮೂಲೆಯಲ್ಲಿ ಚಾಪೆ ಹಾಸಿ ಮಟ್ಟಸವಾಗಿ ಹರಡುತ್ತೇನೆ. ಬೀರುವಿನಲ್ಲಿ ಅದಕ್ಕೆ ಹ್ಯಾಂಗರ್ ಇಲ್ಲ, ಮಡಿಸಿಯೇ ಇಡುವುದು. ಮೇ ತಿಂಗಳ ಕೊನೆಯ ವಾರ ಕೊನೆಯದಾಗಿ ಒಗೆದು, ಚೆನ್ನಾಗಿ ಒಣಗಿಸಿ, ಜೂನಿನ ಮಳೆ ಹಿಡಿಯುವ ಮೊದಲೇ ಟ್ರಂಕಿಗೆ ಸೇರಿಸುತ್ತೇನೆ.