ಆರ್ಕ್ಟಿಕ್ ತೈಲ ಬಾವಿಯಲ್ಲಿ ನಮ್ಮ ದುಡ್ಡೂ ಇದೆ: ಲೆಕ್ಕ ಕೇಳುವುದು ಹೇಗೆ?

ಉತ್ತರ ಧ್ರುವದ ಸುತ್ತಲಿನ ಆರ್ಕ್ಟಿಕ್ ಪ್ರದೇಶ ಉಳಿಸಲು ನಾವೇನು ಮಾಡಬಹುದು ಅಂದರೆ ಗಿಡ ನೆಡಿ, ಲೈಟ್ ಆರಿಸಿ ಅನ್ನುತ್ತಾರೆ. ಅದನ್ನೂ ಮಾಡಿ. ಆದರೆ ಅಲ್ಲಿ ತೈಲ ತೆಗೆಯುವುದಕ್ಕೆ ಅಡ್ಡ ಬರುವುದು ದುಡ್ಡು ಸಿಗದೇ ಹೋದಾಗ.

ಅಮೆರಿಕದ ಅಲಾಸ್ಕಾ ರಾಜ್ಯದ ಆರ್ಕ್ಟಿಕ್ ವನ್ಯಜೀವಿ ಧಾಮವನ್ನೇ ನೋಡಿ. ಅಲ್ಲಿನ ಕರಾವಳಿ ಬಯಲಲ್ಲಿ ಕ್ಯಾರಿಬೂ ಜಿಂಕೆಗಳು ಮರಿ ಹಾಕುತ್ತವೆ. ಅವುಗಳನ್ನೇ ನಂಬಿದ ಗ್ವಿಚಿನ್ ಜನ ಬ್ಯಾಂಕುಗಳ ಬೆನ್ನು ಬಿದ್ದರು. 2020 ಮುಗಿಯುವಷ್ಟರಲ್ಲಿ ಅಮೆರಿಕದ ಆರು ದೊಡ್ಡ ಬ್ಯಾಂಕುಗಳು ಅಲ್ಲಿ ಬಾವಿ ಕೊರೆಯಲು ಸಾಲ ಕೊಡಲ್ಲ ಅಂದವು. ಅಲ್ಲಿ ತೈಲ ತೆಗೆಯುವ ಗುತ್ತಿಗೆಗೆ 2021ರ ಜನವರಿಯಲ್ಲಿ ನಡೆದ ಹರಾಜಿಗೆ ದೊಡ್ಡ ತೈಲ ಕಂಪನಿ ಒಂದೂ ಬರಲಿಲ್ಲ, 2025ರ ಜನವರಿಯ ಹರಾಜಿನಲ್ಲಂತೂ ಒಂದು ಬಿಡ್ ಕೂಡ ಬೀಳಲಿಲ್ಲ.

ಇನ್ನು ನಮ್ಮ ದುಡ್ಡು. ರಷ್ಯಾದ ಸೈಬೀರಿಯಾದಲ್ಲಿ, ಆರ್ಕ್ಟಿಕ್ ವೃತ್ತದೊಳಗೆ, ವಾಂಕೋರ್ ತೈಲ ಕ್ಷೇತ್ರವಿದೆ. ಅದನ್ನು ನಡೆಸುವ ಕಂಪನಿಯಲ್ಲಿ ಭಾರತದ ಸರ್ಕಾರಿ ಕಂಪನಿಗಳು 2016ರಲ್ಲಿ 49.9% ಪಾಲು ಕೊಂಡವು. ಆ 49.9ರಲ್ಲಿ 26 ಒಎನ್‌ಜಿಸಿ ವಿದೇಶ್‌ದು, ಅಂದರೆ ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿಯ ಹೊರದೇಶದ ವ್ಯವಹಾರ ನೋಡುವ ಕಂಪನಿಯದು. ನಮ್ಮ ಮಂಗಳೂರಿನ ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್ ಕೂಡ ಇದೇ ಒಎನ್‌ಜಿಸಿ ಗುಂಪಿನದು. ಸರ್ಕಾರಿ ಕಂಪನಿ ಅಂದಮೇಲೆ ಮಾಹಿತಿ ಹಕ್ಕು ಕಾಯ್ದೆ ಅನ್ವಯಿಸುತ್ತದೆ, ಅಲ್ವಾ?

ಅರ್ಜಿಯನ್ನು ಕನ್ನಡದಲ್ಲೇ ಬರೆದು, 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು, ಒಎನ್‌ಜಿಸಿ ವಿದೇಶ್‌ನ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಕಳಿಸಬಹುದು. "ಯಾಕೆ ಹೀಗೆ ಮಾಡಿದಿರಿ" ಅಂತ ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ದಾಖಲೆ ಕೇಳಿ. ಪಾಲು ಕೊಳ್ಳುವ ಮುಂಚೆ ಪರಿಸರದ ಅಪಾಯದ ಬಗ್ಗೆ ಮಾಡಿಸಿದ ವರದಿಯ ಪ್ರತಿ, ತೈಲ ಸೋರಿದರೆ ಏನು ಮಾಡಬೇಕೆಂಬ ಯೋಜನೆಯ ಪ್ರತಿ, ನೆಲದ ಹಿಮ ಕರಗಿದರೆ ಪೈಪು ಟ್ಯಾಂಕುಗಳ ಗತಿಯೇನು ಎಂದು ಬೋರ್ಡ್ ಮುಂದೆ ಇಟ್ಟ ಟಿಪ್ಪಣಿ. ಈ ಕೊನೆಯದನ್ನು ಬಿಡಲೇಬೇಡಿ. ಕಳೆದ ನಾಲ್ಕು ದಶಕದಲ್ಲಿ ಆರ್ಕ್ಟಿಕ್ ಉಳಿದ ಭೂಮಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಕಾದಿದೆ. ವಾಂಕೋರ್ ಇರುವ ಕ್ರಾಸ್ನೊಯಾರ್ಸ್ಕ್ ಪ್ರಾಂತ್ಯದಲ್ಲೇ, ನೊರಿಲ್ಸ್ಕ್ ಊರಿನ ಹತ್ತಿರ, 2020ರ ಮೇನಲ್ಲಿ ಒಂದು ಟ್ಯಾಂಕ್ ಕುಸಿದು 20,000 ಟನ್‌ಗಿಂತ ಜಾಸ್ತಿ ಡೀಸೆಲ್ ಚೆಲ್ಲಿ ನದಿಗಳೇ ಕೆಂಪಾದವು; ಹೆಪ್ಪುಗಟ್ಟಿದ ನೆಲ ಕರಗಿ ಆಧಾರ ಜಾರಿತು ಅಂತ ಆ ಟ್ಯಾಂಕಿನ ಕಂಪನಿಯೇ ಹೇಳಿತು. ನಮ್ಮ ದುಡ್ಡು ಹಾಕಿದ ಜಾಗದ ನೆಲ ಎಷ್ಟು ಗಟ್ಟಿ ಅಂತ ಕೇಳುವ ಹಕ್ಕು ನಮಗಿದೆ.

30 ದಿನದಲ್ಲಿ ಉತ್ತರ ಬರಬೇಕು. ವ್ಯಾಪಾರದ ಗುಟ್ಟು ಅಂತ ಸೆಕ್ಷನ್ 8(1)(ಡಿ) ತೋರಿಸಿ ನಿರಾಕರಿಸುವ ಸಾಧ್ಯತೆ ಇದ್ದೇ ಇದೆ. ಸುಮ್ನೆ ಬಿಡಬೇಡಿ. ಗುಟ್ಟಿನ ಭಾಗ ಅಳಿಸಿ ಉಳಿದದ್ದು ಕೊಡಿ ಅಂತ ಸೆಕ್ಷನ್ 10 ಹೆಸರಿಸಿ, ಉತ್ತರ ಕೈಸೇರಿದ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.

ಮ್ಯೂಚುವಲ್ ಫಂಡ್ ಇದ್ದರೆ ಅದರ ತಿಂಗಳ ಪಟ್ಟಿ ತೆಗೆದು ಯಾವ ತೈಲ ಕಂಪನಿಗಳಿವೆ ನೋಡಿ, ಇದೇ ಪ್ರಶ್ನೆಗಳನ್ನು ಫಂಡ್ ಹೌಸ್‌ಗೂ ಮೇಲ್ ಮಾಡಿ. ಸಿಕ್ಕ ದಾಖಲೆಯನ್ನು ನಿಮ್ಮ ಸಂಸದರಿಗೆ ಕೊಡಿ. ಲೋಕಸಭೆಯಲ್ಲಿ ಪ್ರಶ್ನೆ ಕೇಳಲು ಕನಿಷ್ಠ 15 ದಿನ ಮೊದಲೇ ನೋಟಿಸ್ ಕೊಡಬೇಕು, ಅದಕ್ಕೆ ಅಧಿವೇಶನ ಶುರುವಾಗುವ ಮುಂಚೆಯೇ ಹೋಗಿ, ಪ್ರಶ್ನೆಯನ್ನು ನೀವೇ ಬರೆದುಕೊಂಡು.