ಬೆಂಕಿಪೊಟ್ಟಣ ಕಟ್ಟಿಸಿ ಜೋಡಿಗೆ ಅಂಕ ಹಾಕಿದ್ದು

"ಇದೆಂಥ ಸಂಶೋಧನೆ ಮಾಷ್ಟ್ರೇ, ಮಕ್ಕಳನ್ನು ಆಡಿಸುವುದಾ?" ಎಂದು ಸ್ಟಾಫ್ ರೂಮಿನಲ್ಲಿ ನಕ್ಕವರಿದ್ದರು. ಇಬ್ಬರು ಮಕ್ಕಳು ಮಾತಾಡಿ ಒಟ್ಟಿಗೆ ಎಷ್ಟು ಚೆನ್ನಾಗಿ ಕಟ್ಟುತ್ತಾರೆ ಎಂದು ಅಳೆಯಲು ಹೊರಟಿದ್ದೆ. ಈಗ ಬರೆಯುವ ಧೈರ್ಯ ಬಂದಿದೆ.

ಕ್ರಮ ಇಷ್ಟೇ. ಇಬ್ಬರು ಬೆನ್ನಿಗೆ ಬೆನ್ನು. ಒಬ್ಬರ ಎದುರು ಮಾದರಿ, ಇನ್ನೊಬ್ಬರ ಎದುರು ಬಿಡಿ ತುಂಡು. ಬಾಯಲ್ಲೇ ಹೇಳಿ ಕಟ್ಟಿಸಬೇಕು.

ಮೊದಲ ಪೆಟ್ಟು ಕಿಸೆಗೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಮರದ ತುಂಡು ಮಾಡಿಸಿದೆ, ಹತ್ತಿರ ಹತ್ತಿರ 2,000 ರೂಪಾಯಿ. ಹಸಿ ಮರ ಇರಬೇಕು. ಜೂನ್ ಮಳೆಗೆ ಉಬ್ಬಿ ಒಂದರ ಮೇಲೊಂದು ಕೂರಲಿಲ್ಲ. ಕೊನೆಗೆ ಬಣ್ಣದ ಕಾಗದ ಸುತ್ತಿದ ಬೆಂಕಿಪೊಟ್ಟಣ. ಖರ್ಚು 100 ದಾಟಲಿಲ್ಲ.

ಸಮಯ, ತಪ್ಪು ಎರಡನ್ನೂ ಲೆಕ್ಕ ಹಾಕಿದೆ. ಪ್ರಯೋಜನ ಇಲ್ಲ. ಒಂದೇ ಆಕಾರವನ್ನು ತಿರುಗಿಸಿದ್ದಾ, ಬೇರೆಯದಾ ಎಂದು ಮನಸ್ಸಲ್ಲೇ ತಿರುಗಿಸಿ ಹೇಳುವ ಶೆಪರ್ಡ್-ಮೆಟ್ಸ್‌ಲರ್ ತರಹದ ಚಿತ್ರಪರೀಕ್ಷೆಯಲ್ಲಿ ಮುಂದಿದ್ದ ಇಬ್ಬರನ್ನೇ ಜೋಡಿ ಮಾಡಿದೆ. ಒಬ್ಬ ಹೇಳುತ್ತಲೇ ಹೋದ, ಇನ್ನೊಬ್ಬ ತನಗೆ ತೋಚಿದ್ದೇ ಕಟ್ಟಿದ. 12 ನಿಮಿಷವಾದರೂ ಮುಗಿಯಲಿಲ್ಲ. ಗುಂಪಿನ ಬಲಕ್ಕೂ ಅದರಲ್ಲಿರುವ ಜಾಣನ ಬುದ್ಧಿಗೂ ನಂಟು ಕಡಿಮೆ, ಮಾತಿನ ಸರದಿ ಎಲ್ಲರಿಗೂ ಸಿಗಬೇಕು ಎಂದು ಸಂಶೋಧಕಿ ಅನಿತಾ ವುಲ್ಲಿ ತಂಡ 2010ರಲ್ಲೇ ಬರೆದಿತ್ತು. ಓದಿದ್ದೆ, ನಂಬಿರಲಿಲ್ಲ.

ಆಮೇಲೆ ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿದೆ. ಎಣಿಸಿದ್ದು ಎರಡೇ: ಕಟ್ಟುವವರು ಎಷ್ಟು ಸಲ ತಿರುಗಿ ಕೇಳಿದರು, ಅದಕ್ಕೆ ಹೇಳುವವರು ಮಾತು ಬದಲಿಸಿದರಾ. ಸುಮ್ನೆ "ಹಾಂ, ಹಾಂ" ಅಂದರೆ ಅಂಕ ಇಲ್ಲ. ಶೀಟಿನ ಮಾಡಿಗೆ ಮಳೆ ಬಿದ್ದು ಮೂರ್ನಾಲ್ಕು ಜೋಡಿಯ ಧ್ವನಿ ಹಾಳಾಯಿತು. ಉಳಿದ 20ರಲ್ಲಿ ಜಾಸ್ತಿ ತಿರುಗಿ ಕೇಳಿದವರೇ ಸರಿಯಾಗಿ ಕಟ್ಟಿದ್ದರು. ನಕ್ಕ ಮಾಷ್ಟ್ರೂ ಬೇರೆ ಕೂತು ಎಣಿಸಿದರು. ಎರಡು ಪಟ್ಟಿಯೂ ಹೆಚ್ಚುಕಡಿಮೆ ತಾಳೆಯಾಯಿತು!

ಒಂದು ಜೋಡಿಗೆ ಮಾತ್ರ ಸೊನ್ನೆ ಕೊಟ್ಟಿದ್ದೆ. ಹುಡುಗಿ ಎಡ-ಬಲ ಹೇಳಲೇ ಇಲ್ಲ. "ಕೆಂಪು ಬಡಗು ದಿಕ್ಕಿಗೆ ಇಡು, ಅದರ ಮೂಡಕ್ಕೆ ಹಳದಿ" ಅಂದಳು. ಮನೆಯಲ್ಲಿ ತುಳು, ತೋಟದ ಲೆಕ್ಕವೆಲ್ಲ ದಿಕ್ಕಿನಲ್ಲೇ. ಅವಳ ಎಡದಲ್ಲಿದ್ದ ಕೆಂಪು ಹುಡುಗನ ಬಲಕ್ಕೆ ಬಂತು. ನಾನು ತಪ್ಪು ಹಾಕಿದೆ. ಸಂಜೆ ಗುಡಿಸುವಾಗ ನೋಡುತ್ತೇನೆ, ಕೂತ ಜಾಗದಲ್ಲಿ ಅವಳ ಮಾದರಿ, ಅವನು ಕಟ್ಟಿದ್ದು ಎರಡೂ ಒಂದೇ ದಿಕ್ಕಿಗೆ, ಅಚ್ಚು ಹಾಕಿದ ಹಾಗೆ! ಆಸ್ಟ್ರೇಲಿಯಾದ ಗೂಗು ಯಿಮಿದಿರ್ ಜನ ಹೀಗೇ ದಿಕ್ಕು ಹಿಡಿದು ಮಾತಾಡುತ್ತಾರೆ ಅಲ್ವಾ, ನಮ್ಮ ಕುಂಬಳೆ ಕಡೆ ಅದು ನೆನಪಾಗಲಿಲ್ಲ. ದಿಕ್ಕು ತಿಳಿಯದ ಹಾಗೆ ಕಿಟಕಿ ಮುಚ್ಚಿ, ಕಣ್ಣು ಕಟ್ಟಿ ನಾಲ್ಕು ಸುತ್ತು ತಿರುಗಿಸಿ ಮತ್ತೆ ಆಡಿಸಿದೆ. ಆಗ ಅವಳೂ ಎಡ-ಬಲಕ್ಕೆ ಬಂದಳು.

ಈಗ ಕಟ್ಟುವವರಿಗೆ ಬೇಕೆಂದೇ ಒಂದು ಪೊಟ್ಟಣ ಕಡಿಮೆ ಕೊಡುತ್ತೇನೆ. ಯಾವುದು, ಯಾಕೆ ಎಂದು ಅವರಿಗೆ ಹೇಳುವುದಿಲ್ಲ. ನಕ್ಕ ಮಾಷ್ಟ್ರು ಮೊನ್ನೆ ಅವರ ತರಗತಿಗೆ ಸೆಟ್ಟು ಒಯ್ದರು. "ಒಂದು ಕಮ್ಮಿ ಉಂಟು" ಎಂದು ಇನ್ನೂ ಹುಡುಕುತ್ತಿದ್ದಾರೆ.