ಹುಟ್ಟಿದ ತಿಂಗಳು ನೋಡಿ ತಂಡ ಕಟ್ಟಿದ್ದು: ನನ್ನ ಅನುಭವ

ಹೋದ ಸೀಸನ್‌ನ ಕೊನೇ ಪಂದ್ಯದಲ್ಲಿ ನಮ್ಮ ಫುಟ್‌ಬಾಲ್ ಕ್ಲಬ್ಬಿನ ಅಂಡರ್-14 ಹುಡುಗರು 3-1ರಿಂದ ಗೆದ್ದರು. ಎದುರಿಗಿದ್ದದ್ದು ಮೂರು ವರ್ಷದ ಹಿಂದೆ ಇದೇ ಹುಡುಗರಿಗೆ ಒಂಬತ್ತು ಗೋಲ್ ಹೊಡೆದು ಕಳಿಸಿದ್ದ ತಂಡ. ಮೂರರಲ್ಲಿ ಎರಡು ಗೋಲ್ ಹೊಡೆದವನು ನಮ್ಮಲ್ಲಿ ಎಲ್ಲರಿಗಿಂತ ಗಿಡ್ಡ. ಅವನು ಅಂಡರ್-11ರಲ್ಲಿದ್ದಾಗ "ಈ ಹುಡುಗನ ಮೇಲೆ ಟೈಮ್ ಹಾಕಬೇಡಿ" ಅಂತ ಕ್ಲಬ್ಬಿನಲ್ಲೇ ಮೂರು ಜನ ನನಗೆ ಹೇಳಿದ್ದರು. ಹೇಗೆ ಮಾಡಿದೆ ಅಂತ ಆಮೇಲೆ ತುಂಬಾ ಕೋಚ್‌ಗಳು ಕೇಳಿದರು. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದುಬಿಡೋಣ ಅನ್ನಿಸಿತು.

ಶುರುವಾಗಿದ್ದು ಒಂದು ಮಳೆಯ ಸಂಜೆ. ಪ್ರಾಕ್ಟೀಸ್ ರದ್ದಾಗಿತ್ತು. ಸುಮ್ನೆ ಕೂತು ರಿಜಿಸ್ಟರ್ ತಿರುವುತ್ತಿದ್ದೆ. ಎ ತಂಡದಲ್ಲಿ 16 ಹುಡುಗರು. ಅದರಲ್ಲಿ 11 ಜನ ಆ ವಯಸ್ಸಿನ ಗುಂಪು ಲೆಕ್ಕ ಹಾಕುವ ವರ್ಷದ ಮೊದಲ ನಾಲ್ಕು ತಿಂಗಳಲ್ಲಿ ಹುಟ್ಟಿದವರು. ಕೊನೇ ಮೂರು ತಿಂಗಳವನು ಒಬ್ಬನೇ ಒಬ್ಬ. ಬಿ ತಂಡದಲ್ಲಿ ಲೆಕ್ಕ ಪೂರ್ತಿ ಉಲ್ಟಾ. ದೊಡ್ಡ ದೊಡ್ಡ ಅಕಾಡೆಮಿಗಳಲ್ಲೂ ಹೀಗೇ ಆಗುತ್ತದೆ ಅಂತ ನಾವೆಲ್ಲ ಕೋರ್ಸ್‌ಗಳಲ್ಲಿ ಕೇಳಿದ್ದೇವೆ, ಅಲ್ವಾ? ಕೇಳುವುದು ಬೇರೆ. ನನ್ನ ಕೈಬರಹದಲ್ಲೇ, ನಾನೇ ಆರಿಸಿದ ಹೆಸರುಗಳ ಮುಂದೆ ಅದನ್ನು ನೋಡಿದಾಗ ಹೊಟ್ಟೆಯಲ್ಲಿ ಸಂಕಟ ಆಯಿತು. ಹತ್ತು ವರ್ಷದ ಮಗುವಿಗೆ ಹನ್ನೊಂದು ತಿಂಗಳು ಅಂದರೆ ಸಣ್ಣ ಅಂತರ ಅಲ್ಲ. ನಾನು ಇಷ್ಟು ವರ್ಷ ಆಟ ಬರುವವರನ್ನು ಆರಿಸುತ್ತಿದ್ದೇನೆ ಅಂದುಕೊಂಡಿದ್ದೆ. ನಿಜಕ್ಕೂ ಆರಿಸುತ್ತಿದ್ದದ್ದು ಮೊದಲು ಬೆಳೆದವರನ್ನು.

ಮೊದಲು ಮಾಡಿದ್ದು ದೊಡ್ಡ ತಪ್ಪು. ಮುಂದಿನ ವಾರವೇ ಎ, ಬಿ ಎರಡನ್ನೂ ಒಡೆದು ಒಂದೇ ಮಾಡಿದೆ. ಯಾರಿಗೂ ಮೊದಲೇ ಹೇಳಲಿಲ್ಲ. ಎ ತಂಡದ ನಾಲ್ಕು ಮಕ್ಕಳ ಮನೆಯವರು ತಿಂಗಳೊಳಗೆ ಬೇರೆ ಕ್ಲಬ್ಬಿಗೆ ಕರೆದುಕೊಂಡು ಹೋದರು. ಆ ಗುಂಪಿನ ಫೀಸಿನಲ್ಲಿ ಎಂಟರಲ್ಲಿ ಒಂದು ಪಾಲು ಹೋಯಿತು. ನಮ್ಮಂಥ ಕ್ಲಬ್ಬಿಗೆ ಅದು ಸಣ್ಣ ಏಟಲ್ಲ. ಉಳಿದ ಮಕ್ಕಳೂ ಬೆರೆಯಲಿಲ್ಲ. ಎ ಹುಡುಗರು ಎ ಹುಡುಗರಿಗೇ ಪಾಸ್ ಕೊಡುತ್ತಿದ್ದರು. ಎರಡು ತಿಂಗಳಿಗೆ ಅದನ್ನು ಕೈಬಿಟ್ಟೆ.

ಎರಡನೇ ಸಲ ಎತ್ತರ ನೋಡಿ ಗುಂಪು ಮಾಡಿದೆ. ಅದೂ ಕೈಕೊಟ್ಟಿತು. ಅಪ್ಪ ಅಮ್ಮ ಇಬ್ಬರೂ ಎತ್ತರ ಇರುವ ಹುಡುಗ ಉದ್ದಕ್ಕೆ ಇರುತ್ತಾನೆ, ಆದರೆ ಮೈ ಇನ್ನೂ ಮಗುವಿನದೇ. ಅಂಥ ಒಬ್ಬನನ್ನು 13ರ ಹುಡುಗರ ಜೊತೆ ಹಾಕಿ ಎರಡು ವಾರ ಪೆಟ್ಟು ತಿನ್ನಿಸಿದೆ. ಪಾಪ, ಅವನು ದೂರಲೂ ಇಲ್ಲ. ಆಮೇಲೆ ಕೂತಾಗಿನ ಎತ್ತರವನ್ನೂ ಅಳೆಯಲು ಶುರು ಮಾಡಿದೆ, ಅಪ್ಪ ಅಮ್ಮನ ಎತ್ತರ ಕೇಳಿ ಬರೆದುಕೊಂಡೆ. ಈ ಮೂರನ್ನೂ ಸೇರಿಸಿ ನೋಡಿದರೆ ಮಗು ಬೆಳವಣಿಗೆಯಲ್ಲಿ ಎಲ್ಲಿದೆ ಅಂತ ಹೆಚ್ಚುಕಮ್ಮಿ ಗೊತ್ತಾಗುತ್ತದೆ. ಮೂರು ತಿಂಗಳಿಗೊಮ್ಮೆ ಅಳತೆ, ಒಂದೇ ಗೋಡೆ, ಒಂದೇ ಟೇಪು, ಸಂಜೆ ಒಂದೇ ಹೊತ್ತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಳೆದರೆ ಲೆಕ್ಕ ತಪ್ಪುತ್ತದೆ.

ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಅಕಾಡೆಮಿಗಳು 2015ರ ಸುಮಾರಿಗೇ ಹೀಗೆ ಬೆಳವಣಿಗೆ ನೋಡಿ ಗುಂಪು ಮಾಡಿ ಆಡಿಸಿ ನೋಡಿವೆ. ಅದನ್ನು ಕಮಿಟಿಯಲ್ಲಿ ಹೇಳಿದೆ. "ಅವರ ಹತ್ತಿರ ದುಡ್ಡಿದೆ, ನಮ್ಮ ಹತ್ತಿರ ಏನಿದೆ?" ಅಂದರು. ಒಂದು ಟೇಪು, ಒಂದು ಗೋಡೆ, ಒಂದು ನೋಟ್‌ಬುಕ್. ಇಷ್ಟರಲ್ಲೇ ಆಯಿತು.

ಕೊನೆಗೆ ನಿಂತದ್ದು ಹೀಗೆ. ವಾರಕ್ಕೆ ಮೂರು ದಿನ ಪ್ರಾಕ್ಟೀಸ್. ಎರಡು ದಿನ ವಯಸ್ಸಿನ ಗುಂಪು, ಸ್ನೇಹಿತರ ಜೊತೆ. ಒಂದು ದಿನ ಮೈಯ ಗುಂಪು, ಅಂದರೆ ಮೈ ಬೆಳವಣಿಗೆ ನೋಡಿ ಮಾಡಿದ್ದು. ಆ ದಿನ ಗಿಡ್ಡ 13ರ ಹುಡುಗ 11ರವರ ಜೊತೆ ಆಡುತ್ತಾನೆ. ಅಲ್ಲಿ ಅವನು ತಳ್ಳಿಸಿಕೊಂಡು ಬೀಳುವುದಿಲ್ಲ. ಚೆಂಡು ಹಿಡಿದು ತಲೆ ಎತ್ತುವಷ್ಟು ಹೊತ್ತು ಸಿಗುತ್ತದೆ, ಉಳಿದವರಿಗೆ ಹೇಳಿಕೊಡುತ್ತಾನೆ. ಆದರೆ ನಾನು ಎಣಿಸದೇ ಇದ್ದ ಲಾಭ ಆಗಿದ್ದು ದೊಡ್ಡ ಹುಡುಗರಿಗೆ. ನಮ್ಮ ಒಬ್ಬ ಸ್ಟ್ರೈಕರ್ 11ಕ್ಕೇ ಮೀಸೆ ಚಿಗುರಿದವನು. ಚೆಂಡು ಮುಂದೆ ತಳ್ಳಿ ಓಡಿದರೆ ಸಾಕು, ಗೋಲ್. ಅವನಿಗೆ ಬೇರೇನೂ ಕಲಿಯುವ ಅಗತ್ಯವೇ ಬಿದ್ದಿರಲಿಲ್ಲ. ದೊಡ್ಡವರ ಜೊತೆ ಹಾಕಿದ ಮೊದಲ ತಿಂಗಳು ಅತ್ತುಬಿಟ್ಟ. ಮೂರನೇ ತಿಂಗಳಿಗೆ ಒಂದೇ ಟಚ್‌ನಲ್ಲಿ ಪಾಸ್ ಕೊಟ್ಟು ಜಾಗಕ್ಕೆ ಓಡಲು ಕಲಿತ. ಈಗ ಅವನ ವಯಸ್ಸಿನವರು ಎತ್ತರದಲ್ಲಿ ಅವನ ಸಮಕ್ಕೆ ಬಂದಿದ್ದಾರೆ. ಆದರೂ ಅವನೇ ನಮ್ಮ ಒಳ್ಳೆಯ ಸ್ಟ್ರೈಕರ್.

ವಯಸ್ಸಿಗೆ ದೊಡ್ಡವನು ಕೆಳಗಿನ ಗುಂಪಿಗೆ ಬಂದಾಗ ನಾಚಿಕೆ ಆಗುತ್ತದೆ. ಇದೇ ಈ ವಿಧಾನದ ಅತಿ ಕಷ್ಟದ ಜಾಗ. ಅದಕ್ಕೆ ನಾನು ಅವನಿಗೆ ಒಂದು ಕೆಲಸ ಕೊಡುತ್ತೇನೆ. ಏನು ಕೆಲಸ ಅಂತ ಇಲ್ಲಿ ಬರೆಯುವುದಿಲ್ಲ. ನಾಲ್ಕು ವರ್ಷ ತಲೆ ಕೆಡಿಸಿಕೊಂಡು ಕಂಡುಕೊಂಡದ್ದು, ನಮ್ಮ ಕ್ಲಬ್ಬಿನಲ್ಲೇ ಇರಲಿ. ಗುಂಪುಗಳಿಗೆ ಚಿಕ್ಕದು, ದೊಡ್ಡದು ಅಂತ ಮಾತ್ರ ಯಾವತ್ತೂ ಕರೆಯಬೇಡಿ. ಬಿಬ್ (ಅಂಗಿ ಮೇಲೆ ಹಾಕುವ ಬಣ್ಣದ ತೋಳಿಲ್ಲದ ಮೇಲಂಗಿ) ಬಣ್ಣದ ಹೆಸರೇ ಸಾಕು.

ಅಳತೆಯಿಂದ ಇನ್ನೊಂದು ಉಪಕಾರ ಆಯಿತು. ಮೂರು ತಿಂಗಳಲ್ಲಿ ಎರಡು ಸೆಂಟಿಮೀಟರ್ ದಾಟಿದರೆ ಆ ಮಗುವಿಗೆ ಜಿಗಿತ, ಲಾಂಗ್ ಶಾಟ್ ಎರಡನ್ನೂ ಅರ್ಧ ಮಾಡುತ್ತೇನೆ. ಮಂಡಿಯ ಕೆಳಗೆ ನೋವು, ಹಿಮ್ಮಡಿ ನೋವು ಅಂತ ಕೂರುತ್ತಿದ್ದ ಹುಡುಗರು ಮೊದಲು ಸೀಸನ್‌ಗೆ ಆರೇಳು ಜನ. ಈಗ ಒಬ್ಬರೋ ಇಬ್ಬರೋ. ಹುಡುಗಿಯರು ಹುಡುಗರಿಗಿಂತ ಸುಮಾರು ಎರಡು ವರ್ಷ ಮೊದಲೇ ಜಿಗಿದು ಬೆಳೆಯುತ್ತಾರೆ. ಅವರ ಅಳತೆಯನ್ನು ತಡವಾಗಿ ಶುರು ಮಾಡಿದ್ದು ನನ್ನ ತಪ್ಪು. ಒಬ್ಬ ಒಳ್ಳೆಯ ಡಿಫೆಂಡರ್ ಹುಡುಗಿ ಮಂಡಿ ನೋವಿನಿಂದ ಅರ್ಧ ಸೀಸನ್ ಹೊರಗೆ ಕೂತಳು.

ದುಡ್ಡಿನ ವಿಷಯ ಹೇಳಲೇಬೇಕು. ಶುರುವಿನಲ್ಲಿ ನಾನೂ ಎಲ್ಲರ ಹಾಗೆ ಲ್ಯಾಡರ್, ಹರ್ಡಲ್, ನಿಲ್ಲಿಸುವ ಬೊಂಬೆ, ಓಟ ಅಳೆಯುವ ಅಗ್ಗದ ಜಿಪಿಎಸ್ ವೆಸ್ಟ್ ಎಲ್ಲ ಕೊಂಡೆ. ವೆಸ್ಟ್‌ಗಳು ಸೀಸನ್ ಮುಗಿಯುವ ಮೊದಲೇ ಕೆಟ್ಟವು. ಆ ದುಡ್ಡಿಗೆ ಏನಿಲ್ಲ ಅಂದರೂ 40 ಒಳ್ಳೆಯ ಚೆಂಡು ಬರುತ್ತಿತ್ತು. ಫೀಸಿನ ಅರ್ಧಕ್ಕಿಂತ ಜಾಸ್ತಿ ಮೈದಾನದ ಬಾಡಿಗೆಗೇ ಹೋಗುತ್ತಿತ್ತು. ಮೂರು-ಮೂರು ಜನರ ಆಟಕ್ಕೆ ಬಂದ ಮೇಲೆ ಕಾಲು ಮೈದಾನ ಸಾಕಾಯಿತು. ಸುಮಾರು 25 ಮೀಟರ್ ಉದ್ದ, 18 ಅಗಲದ ಎರಡು ಅಂಕಣ, ಮೂಲೆಗೊಂದರಂತೆ ನಾಲ್ಕು ಚಿಕ್ಕ ಗೋಲ್, ಕೀಪರ್ ಇಲ್ಲ. ಉಳಿದ ಬಾಡಿಗೆಯಲ್ಲಿ ಮಗುವಿಗೊಂದು ಚೆಂಡು ತಂದೆ. ಅಗ್ಗದ ಚೆಂಡು ಎರಡೇ ತಿಂಗಳಿಗೆ ಮೊಟ್ಟೆಯಾಗುತ್ತದೆ. ಒಳ್ಳೆಯದು ಎರಡು ಸೀಸನ್ ಬಂತು. ಅಂಡರ್-13ರವರೆಗೂ ನಾಲ್ಕನೇ ಸೈಜೇ ಇರಲಿ, ದೊಡ್ಡವರು ಆಡುವ ಐದನೇ ಸೈಜಿಗೆ ಅವಸರ ಬೇಡ.

ಒಮ್ಮೆ ನನ್ನ ಜೊತೆಗಾರ ಟಚ್ ಎಣಿಸಿದ, ಅಂದರೆ ಒಬ್ಬ ಹುಡುಗ ಚೆಂಡು ಮುಟ್ಟಿದ್ದು ಎಷ್ಟು ಸಲ ಅಂತ. ಪೂರ್ತಿ ಮೈದಾನದಲ್ಲಿ ಅರ್ಧ ಗಂಟೆ ಆಡಿದಾಗ ಮೈದಾನದ ಅಂಚಿನಲ್ಲಿ ಆಡುವ ಒಬ್ಬ ವಿಂಗರ್‌ಗೆ ಸಿಕ್ಕ ಟಚ್ 14ರ ಹತ್ತಿರ. ಅದೇ ಹುಡುಗನಿಗೆ ಮೂರು-ಮೂರು ಆಟದಲ್ಲಿ 90 ದಾಟಿತು. ಜರ್ಮನಿಯಲ್ಲಿ 2024-25ರ ಸೀಸನ್‌ನಿಂದ ಚಿಕ್ಕ ಮಕ್ಕಳಿಗೆ ಇಂಥ ಸಣ್ಣ ಆಟವನ್ನೇ ಕಡ್ಡಾಯ ಮಾಡಿದ್ದಾರೆ. ಆ ಸುದ್ದಿ ಬಂದ ಮೇಲೆ ನಮ್ಮ ಕಮಿಟಿಯಲ್ಲಿ ಗೊಣಗಾಟ ಸ್ವಲ್ಪ ಕಡಿಮೆಯಾಯಿತು.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಮಳೆಗಾಲದಲ್ಲಿ ಎರಡು ತಿಂಗಳು ಗಟ್ಟಿ ನೆಲದಲ್ಲಿ ಫುಟ್ಸಾಲ್ (ಒಳಾಂಗಣ ಫುಟ್‌ಬಾಲ್) ಚೆಂಡು. ಪುಟಿತ ಕಡಿಮೆ, ಕಾಲಿಗೆ ಅಂಟಿಕೊಂಡೇ ಇರುತ್ತದೆ. ಫಸ್ಟ್ ಟಚ್ ಚೆನ್ನಾಯಿತು. ಆದರೆ ಹುಲ್ಲಿಗೆ ವಾಪಸ್ ಬಂದಾಗ ಎಲ್ಲರೂ ಅಂಗಾಲಿನಲ್ಲೇ ಚೆಂಡು ನಿಲ್ಲಿಸುತ್ತಿದ್ದರು. ಅದನ್ನು ಬಿಡಿಸಲು ಇನ್ನೊಂದು ತಿಂಗಳು ಹಿಡಿಯಿತು. ಬರೀ ಎಡಗಾಲಿನ ಆಟ ಆಡಿಸಿದೆ, ಮಕ್ಕಳಿಗೆ ಬೇಜಾರಾಯಿತು. ಎಡಗಾಲಿನ ಗೋಲಿಗೆ ಎರಡು ಲೆಕ್ಕ ಅಂದೆ. ಅದೇ ವಾರ ಮನೆ ಗೋಡೆಗೆ ಎಡಗಾಲಲ್ಲಿ ಹೊಡೆದು ಬೈಸಿಕೊಂಡೆವು ಅಂತ ಇಬ್ಬರು ಬಂದು ಹೇಳಿದರು. ನಾನು ಬಾಯಿ ಮುಚ್ಚಿಕೊಂಡು ನಿಲ್ಲುವ 20 ನಿಮಿಷದ ಆಟವೂ ಈಗ ಪ್ರತಿ ವಾರ ಇದೆ. ಮೊದಲೆರಡು ವಾರ ಮೈದಾನದಲ್ಲಿ ಸದ್ದೇ ಇಲ್ಲ. ಮೂರನೇ ವಾರದಿಂದ ಮಕ್ಕಳು ತಾವೇ ಕೂಗಿ ಹೇಳಿಕೊಳ್ಳಲು ಶುರು ಮಾಡಿದರು.

ಪಂದ್ಯದಲ್ಲಿ ಪ್ರತಿ ಮಗುವಿಗೂ ಕನಿಷ್ಠ ಅರ್ಧ ಹೊತ್ತು ಅಂತ ನಿಯಮ ಮಾಡಿದೆ. ಟೈಮರ್ ಒಬ್ಬ ತಾಯಿಯ ಕೈಯಲ್ಲಿ. ನಾನು ಮೋಸ ಮಾಡಬಾರದು ಅಂತಲೇ ಅವರಿಗೆ ಕೊಟ್ಟೆ. ಇದರ ಬೆಲೆ ತೆತ್ತೆವು. ಮೊದಲ ಸೀಸನ್ 14 ಪಂದ್ಯದಲ್ಲಿ ಗೆದ್ದದ್ದು ಎರಡು. ಮುಂದಿನದರಲ್ಲಿ ಐದು. ಒಂಬತ್ತು ಗೋಲ್ ತಿಂದ ದಿನ ಒಬ್ಬ ತಂದೆ ಎಲ್ಲರೆದುರು ಕೇಳಿದರು, "ಸರ್, ಸೋಲೋದನ್ನ ಕಲಿಸೋಕೆ ಫೀಸ್ ತಗೋತೀರಾ?" ನನಗೆ ಉತ್ತರ ಹೊಳೆಯಲಿಲ್ಲ. "ಇನ್ನೆರಡು ವರ್ಷ ಕೊಡಿ ಸರ್" ಅಂದೆ ಅಷ್ಟೆ. ಅವರು ಕೊಡಲಿಲ್ಲ, ಮಗನನ್ನು ಬಿಡಿಸಿದರು. ಅವರ ಚಿಕ್ಕ ಮಗ ಈಗ ನಮ್ಮಲ್ಲೇ ಆಡುತ್ತಾನೆ.

ಮೂರನೇ ಸೀಸನ್ ಒಂಬತ್ತು ಗೆದ್ದೆವು. ಈ ಬ್ಯಾಚಿನಿಂದ ನಾಲ್ವರು ದೊಡ್ಡ ಅಕಾಡೆಮಿಯ ಟ್ರಯಲ್‌ಗೆ ಹೋಗಿ ಮೂವರು ಸೇರಿದ್ದಾರೆ. ಮೂವರಲ್ಲಿ ಇಬ್ಬರು ಹಳೇ ಬಿ ತಂಡದವರು. ಇದನ್ನು ಬರೆಯುವಾಗ ನನಗೆ ಹೆಮ್ಮೆ ಆಗುತ್ತದೆ.

ಈಗ ಆಯ್ಕೆಯ ದಿನವೂ ಒಂದು ಬದಲಾವಣೆ ಮಾಡಿದ್ದೇನೆ. ಬಿಬ್ ನಂಬರನ್ನು ಹುಟ್ಟಿದ ದಿನದ ಸಾಲಿನಲ್ಲೇ ಕೊಡುತ್ತೇನೆ. 1 ಅಂದರೆ ಎಲ್ಲರಿಗಿಂತ ಮೊದಲು ಹುಟ್ಟಿದವನು. ಜೊತೆಯ ಕೋಚ್ "3 ಎಷ್ಟು ಜೋರು ನೋಡಿ" ಅಂದ ಕೂಡಲೇ ನಂಬರೇ ನೆನಪಿಸುತ್ತದೆ. ಅವರ ಕಣ್ಣು ತಾನಾಗಿಯೇ 20, 21ರ ಕಡೆ ಹೋಗುತ್ತದೆ.

ಈ ಸಲದ ಅಂಡರ್-11ಕ್ಕೆ 22 ಮಕ್ಕಳು ಬಂದರು. ಕೊನೇ ಮೂರು ತಿಂಗಳಲ್ಲಿ ಹುಟ್ಟಿದವರು ಐದು ಜನ. ಐವರನ್ನೂ ಉಳಿಸಿಕೊಂಡಿದ್ದೇನೆ. ಅದರಲ್ಲಿ 22ನೇ ನಂಬರಿನ ಹುಡುಗಿ ಚೆಂಡು ಬರುವ ಮೊದಲೇ ಹಿಂದೆ ತಿರುಗಿ ನೋಡುತ್ತಾಳೆ. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ.